ಕುಡಿಯದೆ ಬಂದವರು

ನೀರು ತುಂಬಿದ ಬಕೆಟ್ಟನ್ನು ಪರದೆಯ ಅಡಿಯಿಂದ ಒಳಗೆ ತಳ್ಳಿ ಖಾಲಿಯದನ್ನು ಎಳೆದುಕೊಳ್ಳುವಾಗ ದಾಮಾಳ ಕಣ್ಣು ಬಾಗಿಲಾಚೆ ಹೋಯಿತು. ಪರದೆಯ ಹಿಂದೆ ಹೆಂಗಸರು ತೀರಿಕೊಂಡ ಹಿರಿಯ ನರ್ಸ್ ಬೀ ರಯಾ ಅವರ ಮೈ ತೊಳೆಯುತ್ತಿದ್ದರು. ಹೊರಗೆ ಬೀದಿಯಲ್ಲಿ ಗಂಡಸರು ಚಾಪೆ ಹಾಸಿ ಕೂತಿದ್ದರು. ಗೋಡೆಯ ಕೊನೆಯಲ್ಲಿ, ಔಷಧಿಗೆಂದು ದಿನಾ ಆಸ್ಪತ್ರೆಗೆ ಬರುವ ಕೊಂಬೊ ಆಕಳಿಸಿದ. ಮತ್ತೆ ಆಕಳಿಸಿದ. ಕಡಲತಡಿಯ ಊರು ಮಲಿಂದಿಯ ಹತ್ತು ಗಂಟೆಯ ಬಿಸಿಲಿನಲ್ಲೂ ಅವನ ತೋಳಿನ ರೋಮ ನಿಮಿರಿ ನಿಂತಿತ್ತು. ಮೂಗು ಸೋರುತ್ತಿತ್ತು.

ಅತ್ತಿರಬೇಕು ಎಂದುಕೊಂಡಳು. ಆದರೆ ಅವನ ಪಕ್ಕದವನೂ ಆಕಳಿಸಿದ. ಅವನಾಚೆಯವನು ಹೊಟ್ಟೆ ಹಿಡಿದು ಬಗ್ಗಿದ್ದ.

ದಾಮಾ ಕೈ ಒರೆಸಿಕೊಂಡು ತಾನು ನರ್ಸ್ ಆಗಿದ್ದ ಆಸ್ಪತ್ರೆಗೆ ಫೋನ್ ಮಾಡಿದಳು. ಔಷಧಿ ಕೊಡುವ ಕಿಟಕಿಯಲ್ಲಿ ಇವತ್ತು ಅವಳ ಜೊತೆಯ ನರ್ಸ್ ಕಜುಂಗು ಒಬ್ಬನೇ ಇದ್ದ.

"ಎಷ್ಟು ಜನ ಕುಡಿದ್ರು?"

"ಏಳು. ಬೆಳಿಗ್ಗೆಯಿಂದ ನೊಣ ಹೊಡೀತಾ ಕೂತಿದೀನಿ. ಉಳಿದ ಮೂವತ್ತೊಂದು ಎಲ್ಲಿ ಹೋದ್ವು?"

"ಇಲ್ಲಿದಾರೆ."

"ಹನ್ನೆರಡಕ್ಕೆ ಔಷಧಿ ಕಪಾಟಿಗೆ ಬೀಗ ಬೀಳುತ್ತೆ ದಾಮಾ. ನಾನು ಹೇಳ್ಬೇಕಾ?"

ಹೇಳಬೇಕಿರಲಿಲ್ಲ. ಹೆರಾಯಿನ್ ಬಿಟ್ಟವರು ದಿನಾ ಬಂದು ನರ್ಸ್ ಕಣ್ಣೆದುರೇ ಅದರ ಬದಲಿನ ಔಷಧಿ ಮೆಥಡೋನ್ ಕುಡಿದು ಹೋಗಬೇಕು. ಒಂದು ದಿನ ತಪ್ಪಿದರೆ ಸಂಜೆಗೆ ಮೂಳೆ ಮೂಳೆ ನೋಯುತ್ತದೆ. ಯಾರಿಗೆ ನೋಯುತ್ತಿದೆ ಎನ್ನುವುದು ಪುಡಿ ಮಾರುವವರಿಗೆ ಅದು ಹೇಗೋ ಗೊತ್ತಾಗುತ್ತದೆ.

*

ಮೂರು ವರ್ಷದ ಹಿಂದೆ, ಕೆಲಸದ ಮೊದಲ ದಿನ, ದಾಮಾ ಕಿಟಕಿಯಿಂದ ಲೋಟ ಚಾಚಿ ಕೊಂಬೊಗೆ ಹೇಳಿದ್ದಳು: "ಬಾಯಿ ತೆಗಿ. ನಾಲಿಗೆ ಎತ್ತು." ನುಂಗದೆ ಬಾಯಲ್ಲೇ ಇಟ್ಟುಕೊಂಡು ಹೋಗಿ ಮಾರುವವರೂ ಇದ್ದರು. ನೋಡಲೇಬೇಕಿತ್ತು. ಕೊಂಬೊ ಸಂತೆಯ ಕತ್ತೆಯಂತೆ ಹಲ್ಲು ತೋರಿಸಿದ.

ಬೀ ರಯಾ ಮೊಣಕೈಯಿಂದ ಅವಳನ್ನು ಪಕ್ಕಕ್ಕೆ ಸರಿಸಿದರು.

"ಕೊಂಬೊ, ನಿನ್ನೆ ಮನೇಲಿ ಏನು ಅಡುಗೆ?"

"ಮೀನು, ಬೀ ರಯಾ. ತೆಂಗಿನಹಾಲು ಹಾಕಿ."

"ಯಾರು ಮಾಡಿದ್ದು?"

"ನಾನೇ. ಅಮ್ಮ ಉಪ್ಪು ಜಾಸ್ತಿ ಅಂತ ಬೈದ್ಲು."

"ಸರಿಯಾಗೇ ಬೈದಿದಾರೆ. ಹೋಗು."

ಅವನು ಹೋದ ಮೇಲೆ ಬೀ ರಯಾ ಹೇಳಿದರು: "ಬಾಯಲ್ಲಿ ಔಷಧಿ ಇಟ್ಕೊಂಡವನಿಗೆ ಇಷ್ಟು ಮಾತು ಬರಲ್ಲ ಮಗಳೇ. ನೋಡಿದ ಹಾಗೂ ಆಯ್ತು, ಮಾತಾಡಿಸಿದ ಹಾಗೂ ಆಯ್ತು."

*

ದಾಮಾ ಗಂಡಸರ ಚಾಪೆಯ ಅಂಚಿಗೆ ಹೋಗಿ ನಿಂತಳು.

"ಕೊಂಬೊ, ಯಾಕೆ ಕುಡೀಲಿಲ್ಲ?"

ಅವನು ತಲೆ ತಗ್ಗಿಸಿದ. "ಬೀ ರಯಾನ ಹೊತ್ತೊಯ್ಯೋ ಮಂಚಕ್ಕೆ ಹೆಗಲು ಕೊಡ್ಬೇಕು. ನಶೆಯಲ್ಲಿ ಹೇಗೆ ಕೊಡೋದು? ಎಲ್ರೂ ಸೇರಿ ಇವತ್ತೊಂದಿನ ಬೇಡ ಅಂದ್ಕೊಂಡ್ವಿ."

"ಅದು ನಶೆ ಅಂತ ಯಾರು ಹೇಳಿದ್ದು?"

"ಊರೇ ಹೇಳುತ್ತೆ. ಅವರ ಅಣ್ಣನೇ ಹೇಳ್ತಾರೆ."

"ಏಳಿ. ಈಗ್ಲೇ ಹೋಗಿ ಕುಡಿದು ಬನ್ನಿ."

"ಅಷ್ಟರಲ್ಲಿ ಮಂಚ ಎತ್ತಿಬಿಟ್ರೆ?" ಕೊಂಬೊ ಮೂಗು ಒರೆಸಿಕೊಂಡ. "ನಾನು ಪುಡಿ ಬಿಟ್ಟು ಬರ್ಲಿ ಅಂತ ಅವರು ನಾಲ್ಕು ವರ್ಷ ಕಾದ್ರು. ನಾನು ಒಂದಿನ ತಡ್ಕೊಳಲ್ವಾ?"

ದಾಮಾ ಮನೆಯ ಕಡೆ ತಿರುಗಿದಳು.

ಬೀ ರಯಾ ಅವರ ಅಣ್ಣ ಅಥ್ಮಾನ್ ಬಾಗಿಲ ಬಳಿ, ಕೊನೆಯ ನೀರಿಗೆ ಹಾಕುವ ಕರ್ಪೂರದ ಪೊಟ್ಟಣ ಹಿಡಿದು ನಿಂತಿದ್ದರು. ದೋಣಿ ಕಟ್ಟುವ ಮೇಸ್ತ್ರಿ. ತಂಗಿ ಕೆಲಸ ಮಾಡುತ್ತಿದ್ದ ಆಸ್ಪತ್ರೆಯ ಬೀದಿಗೇ ಕಾಲಿಟ್ಟವರಲ್ಲ. ದಾಮಾ ಹೇಳಬೇಕಾದದ್ದನ್ನು ಎರಡು ಸಲ ಮನಸ್ಸಿನಲ್ಲೇ ಹೇಳಿಕೊಂಡು ಹತ್ತಿರ ಹೋದಳು. ಅವಳು ಬಾಯಿ ತೆರೆಯುವ ಮೊದಲೇ ಅವರು ಶುರುಮಾಡಿದರು.

"ನೋಡಿದ್ಯಾ ನಿನ್ನ ಗಿರಾಕಿಗಳನ್ನ? ನನ್ನ ತಂಗಿ ಸತ್ತ ದಿನವೂ ಏರಿಸ್ಕೊಂಡೇ ಬಂದಿದಾರೆ. ಕೂರೋಕೂ ಆಗ್ತಿಲ್ಲ."

"ಇಲ್ಲ ಮೇಸ್ತ್ರಿ. ಇವತ್ತು ಕುಡೀದೆ ಬಂದಿದಾರೆ. ಅದಕ್ಕೇ ಹೀಗಿದಾರೆ."

"ಅಂದ್ರೆ?"

"ಇದು ಔಷಧಿ ಇಲ್ಲದ ಮುಖ. ಮೊನ್ನೆ ನಿಮ್ಮ ಅಂಗಳದಲ್ಲಿ ಹಲಗೆ ಹೊತ್ತು, ದೋಣಿಯ ಬಿರುಕಿಗೆ ಹತ್ತಿ ತುರುಕಿದ್ದು ಯಾರು?"

"ಕೊಂಬೊ." ಅಥ್ಮಾನ್ ಹುಬ್ಬು ಗಂಟಿಕ್ಕಿದರು. "ಒಂದು ಹನಿ ನೀರು ಒಳಗೆ ಬರ್ಲಿಲ್ಲ."

"ಅವತ್ತು ಬೆಳಿಗ್ಗೆ ಏಳು ಗಂಟೆಗೆ ನಮ್ಮ ಕಿಟಕೀಲಿ ಕುಡಿದೇ ನಿಮ್ಮಲ್ಲಿಗೆ ಬಂದಿದ್ದು. ನಾನೇ ಕೊಟ್ಟೆ."

ಅಥ್ಮಾನ್ ಗೋಡೆಯ ಕಡೆ ನೋಡಿದರು. ಕೊಂಬೊನ ಕೈಗಳು ಮಡಿಲಲ್ಲಿ ನಡುಗುತ್ತಿದ್ದವು. ಮೇಸ್ತ್ರಿಗೆ ಕೆಲಸಗಾರರ ಕೈ ನೋಡಿ ಅಭ್ಯಾಸ. ತುಂಬ ಹೊತ್ತು ನೋಡಿದರು.

"ಹೂತ ಮೇಲೆ ಕುಡಿದ್ರೆ ಆಗಲ್ವಾ?"

"ಹನ್ನೆರಡಕ್ಕೆ ಮುಚ್ತೀವಿ. ಕಿಟಕೀಲಿ ನಾವಿಬ್ಬರು ನರ್ಸ್‌ಗಳು ಕೂತರೆ ಅಷ್ಟರೊಳಗೆ ಮುಗಿಯುತ್ತೆ. ಆದರೆ ನನ್ನ ಮಾತು ಕೇಳ್ತಿಲ್ಲ. ಮಂಚ ಎತ್ತಿಬಿಡ್ತಾರೆ ಅಂತ ಹೆದರಿದಾರೆ."

ಅವರು ಪೊಟ್ಟಣವನ್ನು ಪರದೆಯೊಳಕ್ಕೆ ಕೊಟ್ಟು ಬೀದಿಗಿಳಿದರು. ಚಾಪೆಯಲ್ಲಿದ್ದ ಊರವರು ಮಾತು ನಿಲ್ಲಿಸಿದರು.

"ಏಳ್ರೋ," ಎಂದರು ಕೊಂಬೊನ ಸಾಲಿಗೆ. "ನಡುಗೋ ಹೆಗಲು ನನಗೆ ಬೇಡ. ನನ್ನ ತಂಗೀನ ಬೀಳಿಸ್ತೀರಿ."

ಯಾರೂ ಏಳಲಿಲ್ಲ. ಅವರಿಗೆ ಅವಮಾನವಾಯಿತೇನೋ ಎಂದು ದಾಮಾ ಒಂದು ಹೆಜ್ಜೆ ಮುಂದಿಟ್ಟಳು.

"ಔಷಧಿ ಕುಡಿದು ಬನ್ನಿ ಅಂದೆ. ನಾನಿಲ್ದೆ ಮಂಚ ಹೊರಡಲ್ಲ. ನಾನೂ ನಿಮ್ಮ ಜೊತೆ ಬರ್ತೀನಿ, ಆಯ್ತಾ?"

"ಮೇಸ್ತ್ರಿ, ನಿಮಗೂ ಒಂದು ಲೋಟ ಹೇಳ್ಲಾ?" ಎಂದು ಹಿಂದಿನಿಂದ ಯಾರೋ ಕೇಳಿದರು. ಸಾವಿನ ಮನೆಯೆಂಬುದನ್ನು ಮರೆತು ಒಂದಿಬ್ಬರು ನಕ್ಕೇಬಿಟ್ಟರು.

"ಮುಚ್ಕೊಂಡು ನಡಿ," ಎಂದರು ಅಥ್ಮಾನ್.

*

ಹನ್ನೆರಡಕ್ಕೆ ಐದು ನಿಮಿಷವಿರುವಾಗ ಕೊನೆಯವನು ಕುಡಿದ. ಆಸ್ಪತ್ರೆಯ ಬೆಂಚಿನ ತುದಿಯಲ್ಲಿ ಅಷ್ಟು ಹೊತ್ತೂ ನೆಟ್ಟಗೆ ಕೂತಿದ್ದ ಅಥ್ಮಾನ್ ಎದ್ದು, ಎಲ್ಲರನ್ನೂ ಮುಂದೆ ಬಿಟ್ಟುಕೊಂಡು ಮಂಚ ಎತ್ತಲು ಮನೆಯ ಕಡೆ ನಡೆದರು.

ಸ್ಮಶಾನಕ್ಕೆ ಹೆಂಗಸರು ಹೋಗುವಂತಿಲ್ಲ. ಮಸೀದಿಯಲ್ಲಿ ಪ್ರಾರ್ಥನೆ ಮುಗಿಯುವ ಹೊತ್ತಿಗೆ ದಾಮಾ ಕಜುಂಗುವಿನ ಜೊತೆ ಆಸ್ಪತ್ರೆಯ ಮಹಡಿ ಹತ್ತಿದಳು. ಕೆಳಗೆ ಬೀದಿ ತುಂಬ ಗಂಡಸರು. ಅವರ ತಲೆಗಳ ಮೇಲೆ ಹಸಿರು ಬಟ್ಟೆ ಹೊದಿಸಿದ ಮಂಚ ಒಂದು ಹೆಗಲಿನಿಂದ ಇನ್ನೊಂದಕ್ಕೆ ಜಾರುತ್ತ, ಎಲ್ಲೂ ನಿಲ್ಲದೆ ಮುಂದೆ ಹೋಗುತ್ತಿತ್ತು.

ತನ್ನ ಮೂವತ್ತೊಂದು ಜನರೂ ಇದ್ದಾರೆಯೇ ಎಂದು ಅವಳು ಎಣಿಸತೊಡಗಿದಳು. ಮೇಲಿನಿಂದ ಕಾಣುತ್ತಿದ್ದದ್ದು ಬರೀ ಬಿಳಿ ಟೋಪಿಗಳು. ಹನ್ನೊಂದಕ್ಕೆ ಲೆಕ್ಕ ತಪ್ಪಿತು. ಮತ್ತೆ ಮೊದಲಿನಿಂದ ಶುರುಮಾಡಿದಳು. ಮಂಚದ ಕೆಳಗೆ ಒಂದು ಟೋಪಿ ನುಗ್ಗಿತು, ಒಂದು ಹೊರಬಂತು, ಮತ್ತೊಂದು ನುಗ್ಗಿತು. ಯಾವುದು ಕೊಂಬೊನದು, ಯಾವುದು ಮೇಸ್ತ್ರಿಯದು ಎಂದು ಅವಳಿಗೆ ಗೊತ್ತಾಗಲಿಲ್ಲ.