ದಾರ ಕಟ್ಟಿದ ವೈರುಗಳು

ಮೊದಲೇ ಹೇಳ್ಬಿಡ್ತೀನಿ, ಕಾರ್ ವೈರಿಂಗ್ ಅಂದ್ರೆ ನನಗೆ ಹುಚ್ಚು. ಡ್ಯಾಶ್‌ಬೋರ್ಡ್ ಬಿಚ್ಚಿ ಒಳಗಿನ ವೈರ್ ಗೊಂಚಲು ನೋಡಿದ್ರೆ ಊಟ ಮರ್ತುಹೋಗುತ್ತೆ. ಹುಚ್ಚು ಹಿಡಿಸಿದ್ದು ಅಣ್ಣ. ಅವನ ಹಳೇ ಕಾರು, ಮನೆ ಪಕ್ಕದ ಶೆಡ್ಡು, ಭಾನುವಾರ ಪೂರ್ತಿ ಅಲ್ಲೇ. ನನ್ನನ್ನ ಇಂಜಿನಿಯರಮ್ಮ ಅಂತ ರೇಗಿಸ್ತಿದ್ದ.

ಅವನು ಹೋಗಿ ಏಳು ತಿಂಗಳಾಯ್ತು. ಎದೆನೋವು ಅಂತ ಕೂತೋನು ಏಳ್ಲೇ ಇಲ್ಲ. ಅದಕ್ಕೂ ಮುಂಚೆ ಒಂದು ವರ್ಷ ನಾನು ಆ ಶೆಡ್ಡಿಗೆ ಕಾಲಿಟ್ಟಿರ್ಲಿಲ್ಲ.

ಜಗಳ. ಅವತ್ತು ಅವನು ಹೆಡ್‌ಲೈಟ್ ಕನೆಕ್ಷನ್ ಕೊಟ್ಟ, ಸ್ವಿಚ್ ಒತ್ತಿದ, ಡ್ಯಾಶ್‌ಬೋರ್ಡಿಂದ ಬುಸ್ಸಂತ ಹೊಗೆ! ನೋಡಿದ್ರೆ ಕೆಂಪು ಹೋಗ್ಬೇಕಾದ ಕಡೆ ಹಸಿರು ಸೇರ್ಸಿದಾನೆ. ಅರ್ಧ ವೈರಿಂಗ್ ಕರಟಿಹೋಯ್ತು. ಅವನ ಸ್ನೇಹಿತರೆಲ್ಲ ನಿಂತಿದ್ರು, ಅವರೆದುರಿಗೇ ಅಂದೆ, "ಕಣ್ಣು ಕಾಣಲ್ವೇನೋ ನಿಂಗೆ? ಕೂಸಿಗೂ ಗೊತ್ತಾಗುತ್ತೆ ಕೆಂಪು ಯಾವ್ದು ಹಸಿರು ಯಾವ್ದು ಅಂತ!"

ಅವನು ಕಟಿಂಗ್ ಪ್ಲೇಯರ್ ಕೆಳಗಿಟ್ಟ. "ರೆಡಿಮೇಡ್ ಕಿಟ್ ಹಾಕ್ಬಿಡೋಣ ಬಿಡೇ" ಅಂದ. ಕಿಟ್ ಅಂದ್ರೆ ಕಾರ್ ಕಂಪನಿದಲ್ಲ, ಹೊರಗಿನವರು ಮಾಡಿ ಮಾರೋ ಪೂರ್ತಿ ಹೊಸ ವೈರಿಂಗು.

"ಅದು ಕೆಲಸ ಬರದೇ ಇರೋರು ಹಾಕೋದು" ಅಂದ್ಬಿಟ್ಟು ಬಂದೆ.

ಅತ್ತಿಗೆ ಹೊಲಿಗೆ ಕೆಲಸ ಮಾಡ್ತಾರೆ. ಬಟ್ಟೆ ಗಂಟು ಹೊತ್ಕೊಂಡು ಬಸ್ ಹತ್ತಿ ಇಳಿದು ಸಾಕಾಗಿದೆ ಪುಟ್ಟಿ, ಕಾರ್ ಓಡೋ ಹಾಗೆ ಮಾಡ್ಕೊಡು ಅಂತ ಹೋದ ತಿಂಗಳು ಕರೆದ್ರು. ಬೀರುವಿಂದ ಒಂದು ಡಬ್ಬ ತಂದು ಕೈಗಿಟ್ರು. ಕಿಟ್! ಮೇಲಿನ ಟೇಪ್ ಕೂಡ ಕಿತ್ತಿಲ್ಲ.

"ನೀನು ಬಂದ್ಮೇಲೆ ಹಾಕೋಣ ಅಂತ ಇಟ್ಟಿದ್ರು."

ಅಣ್ಣ ಕೆಡಿಸಿದ್ದನ್ನ ಸರಿ ಮಾಡ್ಕೊಟ್ರೆ ನಮ್ಮಿಬ್ಬರ ಜಗಳ ತೀರುತ್ತೆ ಅಂದ್ಕೊಂಡೆ. ಬ್ಯಾಟರಿ ಕಳಚಿ, ಸೀಟ್ ಎತ್ತಿಟ್ಟು, ಸುಟ್ಟ ವೈರ್ ಎಳೀತಾ ಬಂದೆ. ಡ್ಯಾಶ್‌ಬೋರ್ಡ್ ಹಿಂದುಗಡೆ, ಕೈ ಹೋಗದ ಮೂಲೇಲಿ, ಸುಡದೇ ಉಳಿದ ಒಂದೊಂದು ವೈರಿಗೂ ಬಿಳಿ ದಾರ ಕಟ್ಟಿದೆ. ಹಾರ್ನಿಗೆ ಎರಡು ಗಂಟು, ವೈಪರಿಗೆ ಮೂರು.

"ಅತ್ತಿಗೆ, ಇದು ನಿಮ್ಮ ದಾರ ಅಲ್ವಾ?"

ಅತ್ತಿಗೆ ಬಗ್ಗಿ ನೋಡಿದ್ರು. "ಉಂಡೆ ಉಂಡೆ ಖಾಲಿ ಮಾಡಿದ್ರು ಕಣೇ ನಿಮ್ಮಣ್ಣ. ಹೇಳ್ಬೇಡ ಅಂದಿದ್ರು, ಇನ್ಯಾಕೆ ಬಚ್ಚಿಡ್ಲಿ. ಅವರಿಗೆ ಕೆಂಪು ಹಸಿರು ಒಂದೇ ಥರ ಕಾಣ್ತಿತ್ತು. ಹುಟ್ಟಿದಾಗಿಂದ. ದಿನಾ ಶರ್ಟ್ ಆರಿಸ್ಕೊಡ್ತಿದ್ದಿದ್ದು ನಾನೇ. ಪುಟ್ಟಿ ನನ್ನನ್ನ ಗುರು ಅಂದ್ಕೊಂಡಿದಾಳೆ, ಅವಳಿಗೆ ಮಾತ್ರ ಗೊತ್ತಾಗ್ಬಾರ್ದು ಅಂತಿದ್ರು."

ಹಿಡಿದಿದ್ದ ವೈರ್ ಬಿಟ್ಬಿಟ್ಟೆ. ಯಾಕಂದ್ರೆ ಆ ದಾರ ನಾನು ನೋಡಿದ್ದೆ. ಹೊಗೆ ಬಂತಲ್ಲ, ಅವತ್ತು ಬೆಳಗ್ಗೆ ಅಣ್ಣ ಬರೋಕೆ ಮುಂಚೆ, ಅವನಿಗೆ ಖುಷಿಯಾಗ್ಲಿ ಅಂತ ಮುಂದಿನ ವೈರೆಲ್ಲ ಒರೆಸಿದ್ದೆ. ಥೂ ಎಂಥ ಕೊಳಕು ದಾರ ಅಂತ ಒಂದೊಂದೇ ಕತ್ತರಿಸಿ ಬಿಸಾಕಿ, ನೀಟಾಗಿ ಹೊಸ ಟೇಪ್ ಸುತ್ತಿದ್ದೆ. ಅವನು ಬಂದು ನೋಡಿ ಒಂದೊಂದೇ ವೈರಿನ ಮೇಲೆ ಬೆರಳಾಡಿಸಿದ. ಆಮೇಲೆ, "ಭಾರಿ ಚೆನ್ನಾಗಿ ಮಾಡಿದೀಯ ಇಂಜಿನಿಯರಮ್ಮ" ಅಂದ.

"ಕತ್ತರಿಸಿದ್ದು ನಾನು ಅತ್ತಿಗೆ."

"ಗೊತ್ತು. ಕಸದ ಬುಟ್ಟಿಯಿಂದ ಆರಿಸ್ಕೊಂಡು ಬಂದಿದ್ರು ಅವತ್ತು. ಬೈಲಿಲ್ಲ ಬಿಡು. ಕೋಪ ಇಳಿದ್ಮೇಲೆ ಬರ್ತಾಳೆ ಅಂದ್ರು. ಭಾನುವಾರ ಬಂದ್ರೆ ಶೆಡ್ಡಿನ ಬಾಗಿಲು ತೆಗೆದಿಡೋರು."

ಕಿಟ್ ಬಿಚ್ಚಿದೆ. ಹೊಸ ವೈರಿನ ಉದ್ದಕ್ಕೂ ಗೇಣಿಗೊಂದ್ಸಲ ಹೆಸರು ಅಚ್ಚು ಹಾಕಿದಾರೆ. ಹೆಡ್‌ಲೈಟ್, ಹೆಡ್‌ಲೈಟ್, ಹೆಡ್‌ಲೈಟ್. ಬಣ್ಣ ಗೊತ್ತಾಗದಿದ್ರೂ ಪರವಾಗಿಲ್ಲ, ಓದ್ಕೊಂಡ್ರೆ ಸಾಕು. ಅದಕ್ಕೇ ಬೇಕಿತ್ತು ಅವನಿಗೆ ಈ ಕಿಟ್ಟು. ಅಲ್ಲೇ ಕಾರಿನ ನೆಲದ ಮೇಲೆ ಕೂತು ಅತ್ತೆ.

ಮೂರು ಭಾನುವಾರ ಹಿಡೀತು. ಕೊನೇ ದಿನ ಅತ್ತಿಗೆ ಸೀಟಲ್ಲಿ ಕೂತು ಸ್ವಿಚ್ ಒತ್ತಿದ್ರು, ಎರಡೂ ಲೈಟು ಶೆಡ್ಡಿನ ಗೋಡೆ ಮೇಲೆ ಬಿತ್ತು. ಹಾರ್ನೂ ಹೊಡೆದು ನೋಡಿದ್ರು. ನಾನು ಡ್ಯಾಶ್‌ಬೋರ್ಡ್ ಕೆಳಗೆ ಮಲಗಿದ್ದೆ, ಟೇಪಿನ ಸುರುಳಿ ಎದೆ ಮೇಲಿತ್ತು.

"ಸುತ್ತಲ್ವೇನೇ? ನೀಟಾಗಿರ್ಬೇಕು ಅಂತ ಪ್ರಾಣ ತಿಂತಿದ್ದೆ ಯಾವಾಗ್ಲೂ."

"ಬೇಡ ಅತ್ತಿಗೆ," ಅಂದೆ. "ಅಕ್ಷರ ಮುಚ್ಚಿಹೋಗುತ್ತೆ."