ಅಧ್ಯಕ್ಷರ ಕೈಗೆ ಸಿಕ್ಕ ಗಂಟೆ

ನಾನು ಒಂದು ಹಿತ್ತಾಳೆ ಗಂಟೆ. ದೇವರ ಮುಂದೆ ತೂಗುವ ಗಂಟೆಯಲ್ಲ, ಶಾಲೆಯಲ್ಲಿ ಬಾರಿಸುವ ಗಂಟೆಯೂ ಅಲ್ಲ. ಬೋರಲು ಹಾಕಿದ ಬಟ್ಟಲಿನಂತಿದ್ದೇನೆ. ನೆತ್ತಿಯ ಮೇಲೊಂದು ಗುಂಡಿ ಇದೆ. ಅದನ್ನು ಒತ್ತಿದರೆ ಒಳಗಿನ ಸ್ಪ್ರಿಂಗು ಜಿಗಿದು ಟಿಂಗ್ ಎನ್ನುತ್ತಿದ್ದೆ. ಅಂಕಲಗಟ್ಟಿ ಪುರಸಭೆಯ ಅಧ್ಯಕ್ಷರ ಮೇಜಿನ ಮೇಲೆ ಕೂತು ಟಿಂಗ್ ಎನ್ನುವುದೇ ನನ್ನ ಬಾಳಾಯಿತು. ಹೇಳಿಕೊಳ್ಳಲು ಖುಷಿಯೇನಿಲ್ಲ, ಆದರೂ ಹೇಳಿಬಿಡುತ್ತೇನೆ. ಒಳಗೇ ಇಟ್ಟುಕೊಂಡರೆ ಹಿತ್ತಾಳೆಯೂ ಕಿಲುಬು ಹಿಡಿಯುತ್ತದೆ.

ನನ್ನನ್ನು ಎರಕ ಹೊಯ್ದವನು ತಾಂಬಟರ ದತ್ತೋಬಾ. ಮಾಡಿಸಿದವರು ಬಸಲಿಂಗಪ್ಪ ಮಾಸ್ತರರು. ಕನ್ನಡ ಶಾಲೆಯಿಂದ ನಿವೃತ್ತರಾಗಿ, ಊರವರ ಒತ್ತಾಯಕ್ಕೆ ಚುನಾವಣೆಗೆ ನಿಂತು ಅಧ್ಯಕ್ಷರಾದವರು. ಆಗ ಸಭೆ ಎಂದರೆ ಸಂತೆ. ಒಬ್ಬರು ಚರಂಡಿಯ ಮಾತು ಎತ್ತಿದರೆ ಇನ್ನೊಬ್ಬರು ಅವರ ಅಜ್ಜನ ಮಾತು ಎತ್ತುತ್ತಿದ್ದರು. ಮಾಸ್ತರರು ಎರಡು ಕಟ್ಟಳೆ ಹಾಕಿದರು. ಗಂಟೆ ಬಾರಿಸದೆ ಸಭೆ ಶುರುವಾಗಕೂಡದು. ಗಂಟೆ ಬಾರಿಸಿದರೆ ಮಾತಾಡುತ್ತಿದ್ದವರು, ಯಾರೇ ಇರಲಿ, ಕೂತುಕೊಳ್ಳಬೇಕು.

ಜನ ಈ ಕಟ್ಟಳೆಯನ್ನು ಎಷ್ಟು ನೆಚ್ಚಿಕೊಂಡರೆಂದರೆ, ಕಾಯ್ದೆ ಪುಸ್ತಕದಲ್ಲಿ ಇದೆಯೋ ಇಲ್ಲವೋ ಎಂದು ಯಾರೂ ನೋಡಲಿಲ್ಲ. ಮಾಸ್ತರರು ನನ್ನನ್ನು ಮುಟ್ಟುವ ಮೊದಲು ಮಾತಾಡುವವರ ಮುಖ ನೋಡುತ್ತಿದ್ದರು. ಬೆರಳಿನ ಗೆಣ್ಣಿನಿಂದ ಮೆಲ್ಲಗೆ ಒತ್ತಿ, “ತಪ್ಪ ತಿಳೀಬ್ಯಾಡ್ರಿ, ಅವರಿಗೂ ಒಂದ ಅವಕಾಶ ಕೊಡೂಣು” ಎನ್ನುತ್ತಿದ್ದರು. ಬಡವರ ವಾರ್ಡಿನ ಸದಸ್ಯನಿಗೂ ಮಾತಿನ ಪಾಳಿ ಸಿಗುತ್ತಿತ್ತು. ನನ್ನ ಬಾಳಿನಲ್ಲಿ ನಾನು ಮರ್ಯಾದೆಯಿಂದ ಇದ್ದದ್ದು ಆ ದಿನಗಳಲ್ಲಿ ಮಾತ್ರ.

ಮಾಸ್ತರರ ನಂತರ ರುಕ್ಮಾಬಾಯಿಯವರು ಬಂದರು. ಮಹಿಳಾ ಮೀಸಲಾತಿಯಲ್ಲಿ ಕುರ್ಚಿ ಅವರದು, ಗಂಟೆ ಅವರ ಯಜಮಾನರದು. ಯಜಮಾನರು ಪಕ್ಕದ ಸ್ಟೂಲಿನಲ್ಲಿ ಕೂತು ಕೈ ಚಾಚಿ ನನ್ನನ್ನು ಬಡಿಯುತ್ತಿದ್ದರು. ಅದಾದರೂ ನಗುವ ಸಂಗತಿ. ನಗೆ ಮುಗಿದದ್ದು ಮಲಗೌಡರು ಅಧ್ಯಕ್ಷರಾದ ಮೇಲೆ.

ಮಲಗೌಡರು ದೊಡ್ಡ ಆಳು. ಬಿಳಿ ಅಂಗಿ, ಕೈಯಲ್ಲಿ ಎರಡು ಮೊಬೈಲು, ಮಾತಿಗಿಂತ ಮೊದಲು ಬರುವ ಅತ್ತರಿನ ವಾಸನೆ. ಮೊದಲ ದಿನವೇ ನನ್ನನ್ನು ಬಡಿದು ಚಹಾ ತರಿಸಿದರು. ಎರಡನೆಯ ಸಭೆಯಲ್ಲಿ ಬೀದಿದೀಪದ ಲೆಕ್ಕ ಕೇಳಿದವನ ಬಾಯಿಗೆ ನನ್ನನ್ನು ಅಡ್ಡ ಹಿಡಿದರು. ಟಿಂಗ್! ಅವನು ಕೂತ. ಗೌಡರು ನನ್ನನ್ನೊಮ್ಮೆ ನೋಡಿ ಮುಗುಳ್ನಕ್ಕರು. ಹೊಸ ಆಟಿಕೆ ಸಿಕ್ಕ ಕೂಸು ಹಾಗೆ ನಗುತ್ತದೆ.

ನಮ್ಮೂರ ಬಗ್ಗೆ ಒಂದು ಮಾತು ಹೇಳಬೇಕು. ಊರು ಹೊಳೆಯ ದಂಡೆಯಲ್ಲಿದೆ. ಹೊಳೆಯ ಆಚೆ ಶಿರಾಳವಾಡಿ, ಅದು ಬೇರೆ ರಾಜ್ಯ. ಹಾಗಾಗಿ ನಮ್ಮವರು ಆಚೆ ದಂಡೆಗೆ ‘ಫಾರಿನ್’ ಎನ್ನುತ್ತಾರೆ. ಎರಡೂ ಊರಿನ ಪುರಸಭೆಗಳು ಸೇರಿ ಒಂದು ಬೋಟು ನಡೆಸುತ್ತಿದ್ದವು. ಹತ್ತಿ ಕೂತು ಎಲೆ ಅಡಿಕೆ ಹಾಕಿಕೊಳ್ಳುವಷ್ಟರಲ್ಲಿ ಆಚೆ ದಂಡೆ ಬರುತ್ತಿತ್ತು. ರಸ್ತೆಯಲ್ಲಿ ಹೋಗುವುದಾದರೆ ಕೆಳಗಿನ ದೊಡ್ಡ ಸೇತುವೆ ಸುತ್ತಿ ಅರ್ಧ ದಿನ. ಬೋಟಿನ ಮಾತು ಸಭೆಗೆ ಬಂದಾಗಲೆಲ್ಲ ಸದಸ್ಯರು, “ಬಂತ್ರಿ ವಿದೇಶಾಂಗ ವಿಷಯ” ಎಂದು ನಗುತ್ತಿದ್ದರು.

ಆ ಬೋಟನ್ನು ನಡೆಸುತ್ತಿದ್ದವನು ಯಮನಪ್ಪ ಅಂಬಿಗೇರ. ಅವನ ಹೆಂಡತಿ ಗಂಗವ್ವ ಹೊಳೆ ಓಣಿಯ ಸದಸ್ಯೆ. ಯಮನಪ್ಪನಿಗೆ ಮೂತ್ರಪಿಂಡ ಕೆಟ್ಟಿತು. ವಾರಕ್ಕೆರಡು ಸಲ ಡಯಾಲಿಸಿಸ್ ಆಗಲೇಬೇಕು, ಆ ಯಂತ್ರ ಇದ್ದದ್ದು ಶಿರಾಳವಾಡಿಯ ಆಸ್ಪತ್ರೆಯಲ್ಲಿ. ತಾನು ನಡೆಸಿದ ಬೋಟಿನಲ್ಲೇ ಅವನೀಗ ಹೆಂಡತಿಯ ಹೆಗಲಿಗೆ ತಲೆಯಾನಿಸಿ ಆಚೆಗೆ ಹೋಗಿಬರತೊಡಗಿದ. ಖಾಲಿಯಾದ ಅವನ ಜಾಗಕ್ಕೆ ಗೌಡರು ಯಾರನ್ನು ನೇಮಿಸಿದರು ಗೊತ್ತೇ? ತಮ್ಮ ಹೆಂಡತಿಯ ತಮ್ಮ ಬಾಳಾಸಾಹೇಬನನ್ನು. ಬೋಟಿನ ಮೇಲ್ವಿಚಾರಕ ಎಂದು ಹುದ್ದೆಗೆ ಹೊಸ ಹೆಸರನ್ನೂ ಕೊಟ್ಟರು. ಬಾಳಾಸಾಹೇಬನಿಗೆ ನೀರು ಕಂಡರೆ ತಲೆ ತಿರುಗುತ್ತದೆ. ದಂಡೆಯ ಬೇವಿನ ಮರದ ಕೆಳಗೆ ಕುರ್ಚಿ ಹಾಕಿಸಿ, ಹೊಳೆಗೆ ಬೆನ್ನು ಮಾಡಿ ಕೂರುತ್ತಿದ್ದ.

ಗಂಗವ್ವ ಸಭೆಯಲ್ಲಿ ಎದ್ದು ಕೇಳಿದಳು. “ಗೌಡ್ರ, ಈಸಾಕ ಬರ್ಲಾರದವನ ಕೈಯಾಗ ಬೋಟ್ ಕೊಟ್ಟೀರಲ್ಲ, ನಾಳೆ ಏನರ ಆದ್ರ...”

ಟಿಂಗ್.

ಅವಳು ಕೂತಳು. ಮಾಸ್ತರರ ಕಾಲದಿಂದ ಬಂದ ರೂಢಿ. ಗಂಟೆ ಕೇಳಿದ ಕೂಡಲೇ ಅವಳ ಮೊಣಕಾಲು ತಾನಾಗಿ ಮಡಚುತ್ತಿತ್ತು.

ಇಷ್ಟಾದರೂ ಆಚೆ ಊರಿನ ಅಂಬಿಗರ ಕೈಯಲ್ಲಿ ಬೋಟು ಓಡುತ್ತಿತ್ತು. ಅದು ನಿಂತದ್ದು ಒಂದು ರುಮಾಲಿನಿಂದ. ನಮ್ಮ ಕಡೆ ಸನ್ಮಾನವೆಂದರೆ ಮೊದಲು ತಲೆಗೆ ರುಮಾಲು ಸುತ್ತಬೇಕು, ಆಮೇಲೆ ಶಾಲು, ಕಾಯಿ, ಹಾರ. ಬೋಟಿಗೆ ಹೊಸ ಎಂಜಿನ್ ಕೂರಿಸಿದಾಗ ಆಚೆಯವರು ಪೂಜೆ ಇಟ್ಟು ಗೌಡರನ್ನು ಕರೆದರು. ಅಲ್ಲಿ ತಮ್ಮ ಅಧ್ಯಕ್ಷರಿಗೆ, ತಮ್ಮ ಶಾಸಕರಿಗೆ, ಶಾಸಕರ ಜೊತೆ ಬಂದ ಬೀಗರಿಗೆ ರುಮಾಲು ಸುತ್ತಿದರು. ಗೌಡರ ಪಾಳಿ ಬರುವಾಗ ಬಟ್ಟೆ ಮುಗಿದಿತ್ತು. ಶಾಲು ಹೊದಿಸಿ, ಕಾಯಿ ಕೊಟ್ಟು, ಬರಿ ತಲೆಯಲ್ಲೇ ಕಳಿಸಿದರು.

ಮರುದಿನ ತುರ್ತು ಸಭೆ. ನನ್ನನ್ನು ಬಡಿದ ಬಡಿತಕ್ಕೆ ಮೇಜಿನ ಗಾಜು ಬಿರುಕು ಬಿಟ್ಟಿತು.

“ಇದು ನನ್ನ ಅಪಮಾನ ಅಲ್ಲ, ಊರಿನ ಅಪಮಾನ!” ಎಂದರು ಗೌಡರು. “ಇವತ್ತಿನಿಂದ ಆ ಊರಿನ ಜೋಡಿ ಸಂಬಂಧ ಖಲಾಸ್. ಬೋಟ್ ನಮ್ಮ ದಂಡಿಗಿ ಹಚ್ಚಂಗಿಲ್ಲ.”

ಉಪಾಧ್ಯಕ್ಷ ಹುಸೇನಸಾಬ ನದಾಫರು ಸಾಧು ಮನುಷ್ಯ. ಮೆತ್ತಗೆ ಹೇಳಿದರು: “ಸಿಟ್ಟ ಬರೂದ ಖರೆ ಗೌಡ್ರ. ಆದ್ರ ಮಂದಿ ದವಾಖಾನಿಗೆ...” ಟಿಂಗ್. ಗಂಗವ್ವ ಎದ್ದಳು: “ನಮ್ಮ ಯಜಮಾನ್ರ ಜೀವ ಆ ಬೋಟಿನ ಮ್ಯಾಲೆ ಐತ್ರಿ...” ಟಿಂಗ್. “ಭಾವನಾತ್ಮಕ ಮಾತು ಬ್ಯಾಡ” ಎಂದರು ಗೌಡರು. ತಾವು ಮಾತ್ರ ಸಿಗದ ರುಮಾಲನ್ನು ನೆನೆದು ಕಣ್ಣೊರೆಸಿಕೊಂಡರು! ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎನ್ನುತ್ತಾರಲ್ಲ, ಅದನ್ನು ನಾನು ಮೇಜಿನ ಮೇಲೆ ಕೂತೇ ಕಂಡೆ.

ಬಾಳಾಸಾಹೇಬನಿಗೆ ಕೊನೆಗೂ ಒಂದು ಕೆಲಸ ಸಿಕ್ಕಿತು. ಯಾವ ದೋಣಿಯೂ ಆಚೆ ಹೋಗದಂತೆ ಕಾಯುವುದು. ಅದನ್ನು ಅವನು ಚೆನ್ನಾಗಿ ಮಾಡಿದ. ಗಂಗವ್ವ ಗಂಡನನ್ನು ಜೀಪಿನಲ್ಲಿ ಹಾಕಿಕೊಂಡು ಸೇತುವೆ ಸುತ್ತಿ ಆಸ್ಪತ್ರೆಗೆ ಹೋಗತೊಡಗಿದಳು. ಯಮನಪ್ಪ ದಾರಿಯುದ್ದಕ್ಕೂ ವಾಂತಿ ಮಾಡಿಕೊಳ್ಳುತ್ತಿದ್ದ. ವಾರಕ್ಕೆರಡು ಸಲದ ಚಿಕಿತ್ಸೆ ಒಂದಕ್ಕಿಳಿಯಿತು. ಸಭೆಗೆ ಬರುವ ಗಂಗವ್ವನ ಮುಖ ದಿನದಿನಕ್ಕೆ ಕರಗುತ್ತಿತ್ತು.

ಕಡೆಗೆ ಸದಸ್ಯರೂ ಬೇಸತ್ತರು. ಗಂಗವ್ವ ಮನೆಮನೆಗೆ ಅಲೆದು ಸಹಿ ಹಾಕಿಸಿದಳು. ಗೌಡರ ಮೇಲೆ ಅವಿಶ್ವಾಸ ಗೊತ್ತುವಳಿ. ಉಪಾಧ್ಯಕ್ಷರೇ ಸಭೆ ನಡೆಸಬೇಕು. ಗೌಡರು ಬೀಳುವುದು ಖಚಿತ, ಬಿದ್ದರೆ ಬೋಟು ಬಿಡುವುದೂ ಖಚಿತ. ನನಗೆ ಎಷ್ಟೋ ವರ್ಷದ ಮೇಲೆ ಹುರುಪು ಬಂದಿತ್ತು. ಹುಸೇನಸಾಬರ ಬೆರಳಿಗೆ ಹೇಗೆ ನುಡಿಯಬೇಕೆಂದು ಯೋಚಿಸುತ್ತ ಕಾದಿದ್ದೆ.

ಹಿಂದಿನ ದಿನ ಸಂಜೆ ಗೌಡರು ಕಚೇರಿಗೆ ಬಂದರು. ನನ್ನನ್ನು ಕರವಸ್ತ್ರದಲ್ಲಿ ಸುತ್ತಿ ಕಿಸೆಗೆ ಹಾಕಿಕೊಂಡು ಮನೆಗೆ ನಡೆದರು!

ಮರುದಿನ ನಡೆದದ್ದನ್ನು ನಾನು ಕೇಳಿದ್ದು ಗೌಡರ ಮನೆಯ ಕಪಾಟಿನೊಳಗಿಂದ. ಅವರು ಮೊಬೈಲಿನಲ್ಲಿ ಯಾರಿಗೋ ಹೇಳಿ ಹೇಳಿ ನಗುತ್ತಿದ್ದರು. ಸದಸ್ಯರೆಲ್ಲ ಬಂದು ಕೂತರಂತೆ. ಮೇಜಿನ ಮೇಲೆ ಗಂಟೆ ಇಲ್ಲ. “ಗಂಟಿ ಇಲ್ಲದ ಸಭಾ ಹೆಂಗ ಚಾಲೂ ಮಾಡೂದ್ರಿ? ನಾಳೆ ಕೋರ್ಟಿನ್ಯಾಗ ನಿಲ್ತೈತೇನು?” ಎಂದು ಒಬ್ಬ ಕೇಳಿದನಂತೆ. ಹುಸೇನಸಾಬರು ಗಡ್ಡ ತುರಿಸಿಕೊಂಡರಂತೆ. ಊಟದ ತಾಟು ಬಾರಿಸಿದರೆ ನಡೆದೀತೇ ಎಂದು ಚರ್ಚೆ. ತಾಟು ಸ್ಟೀಲಿಂದು, ಗಂಟೆ ಹಿತ್ತಾಳೆಯದು, ನಡೆಯುವುದಿಲ್ಲ ಎಂದು ಇನ್ನೊಬ್ಬ. ಗುಡಿಯ ಗಂಟೆ ತರೋಣವೆಂದರೆ, ಮಸೀದಿ ಓಣಿಯವರೂ ಇದ್ದಾರೆ, ಸರಿಯಲ್ಲ ಎಂದು ಮತ್ತೊಬ್ಬ.

ಗಂಗವ್ವ ಅಂಗಲಾಚಿದಳಂತೆ. “ಬಾಯಿ ಐತಲ್ಲೋ ಯಪ್ಪಾ, ಬಾಯಿಲೆ ಸುರು ಮಾಡ್ರಿ! ಗಂಟಿ ಏನ ಓಟ್ ಹಾಕ್ತೈತೇನು?”

ಯಾರೂ ಕೇಳಲಿಲ್ಲ. ಕಬ್ಬು ಕಡಿಯುವ ಹಂಗಾಮು, ಒಬ್ಬೊಬ್ಬರಾಗಿ ಹೊಲಕ್ಕೆ ಎದ್ದುಹೋದರು. ಸಂಖ್ಯೆ ಸಾಲದೆ ಗೊತ್ತುವಳಿ ಬಿತ್ತು. ಇದು ಬೇರೆ ಊರಲ್ಲಿ ನಡೆದೀತೇ? ಕಾಯ್ದೆ ಓದಿದವನೊಬ್ಬ ಇದ್ದಿದ್ದರೆ ನಗುತ್ತಿದ್ದ. ಸಭೆ ಸುಸೂತ್ರ ನಡೆಯಲೆಂದು ಹುಟ್ಟಿದ ನಾನು, ಇಲ್ಲದೆಯೂ ಸಭೆ ಕೆಡಿಸಿದೆ. ಕಪಾಟಿನ ಕತ್ತಲಲ್ಲಿ ಕೂಗಿಕೊಳ್ಳಬೇಕೆನಿಸಿತು. ಒತ್ತುವವರಿಲ್ಲದೆ ಗಂಟೆ ಕೂಗುವುದಾದರೂ ಹೇಗೆ?

ಅದಾಗಿ ಹೆಚ್ಚು ದಿನ ಕಳೆಯಲಿಲ್ಲ. ಯಮನಪ್ಪ ಸೇತುವೆಯ ಹತ್ತಿರ ಜೀಪಿನಲ್ಲೇ ತೀರಿಕೊಂಡ. ಮುಂದೆ ಕಬ್ಬಿನ ಟ್ರ್ಯಾಕ್ಟರುಗಳ ಸಾಲು, ಜೀಪಿಗೆ ದಾರಿ ಸಿಕ್ಕಿರಲಿಲ್ಲ. ಕಿಟಕಿಯಿಂದ ಹೊಳೆ ಕಾಣುತ್ತಿತ್ತಂತೆ. “ನೀರ ಎಷ್ಟ ತಣ್ಣಗೈತಿ ನೋಡ” ಎಂದನಂತೆ, ಅದೇ ಕೊನೆಯ ಮಾತು.

ಪುರಸಭೆಯಲ್ಲಿ ಸಂತಾಪ ಸಭೆ ಇಟ್ಟರು. ಗೌಡರು ನನ್ನನ್ನು ಒತ್ತಿದರು, ಎಲ್ಲರೂ ಎದ್ದು ನಿಂತರು. ಒಂದು ನಿಮಿಷದ ಮೌನ. ಅರ್ಧಕ್ಕೆ ಗೌಡರ ಮೊಬೈಲು ಹಾಡಿತು. ಅವರು ಅವಸರದಲ್ಲಿ ನನ್ನನ್ನು ಇನ್ನೊಮ್ಮೆ ಬಡಿದು, “ಮೌನ ಮುಗೀತ್ರಿ, ಕೂಡ್ರಿ” ಎಂದರು. ಗಂಗವ್ವ ನಿಂತೇ ಇದ್ದಳು. “ನಾ ಒಂದ ಮಾತ...” ಎಂದಳು.

“ಸಂತಾಪ ಸಭಾದಾಗ ಚರ್ಚಾ ಇಲ್ಲ.” ಟಿಂಗ್.

ಅವಳು ಕೂತಳು. ಅಯ್ಯೋ, ಆಗಲೂ ಕೂತಳು! ಆ ದಿನ ನನ್ನ ದನಿಯ ಮೇಲೆ ನನಗೆ ಹೇಸಿಗೆಯಾಯಿತು.

ಬೇಸಿಗೆಗೆ ಲೋಕಸಭೆಯ ಚುನಾವಣೆ ಬಂತು. ಆಚೆ ದಂಡೆಯಲ್ಲೂ ಗೌಡರ ಪಕ್ಷದವರಿದ್ದರು. ಅವರು ಗೌಡರನ್ನು ಕರೆದು, ಜರಿ ಅಂಚಿನ ದೊಡ್ಡ ರುಮಾಲು ಸುತ್ತಿ, ಕುದುರೆಯ ಮೇಲೆ ಮೆರವಣಿಗೆ ಮಾಡಿದರು. ಅಷ್ಟೇ ಸಾಕಾಯಿತು. ಮರುದಿನವೇ ಬೋಟು ಬಿಟ್ಟರು. ಸಭೆಯಲ್ಲಿ ಗೌಡರು ಆ ರುಮಾಲನ್ನು ಸುತ್ತಿಕೊಂಡೇ ಬಂದು, “ಎರಡ ರಾಜ್ಯದ ನಡುವ ಶಾಂತಿ ತಂದೀನಿ” ಎಂದರು. ಹುಸೇನಸಾಬರಿಗೆ ಅದೆಲ್ಲಿಯ ಧೈರ್ಯ ಬಂತೋ, “ಕೆಡಿಸಿದವರು ಯಾರ್ರೀ ಮತ್ತ?” ಎಂದುಬಿಟ್ಟರು. ಗೌಡರು ಮುಷ್ಟಿ ಕಟ್ಟಿ ನನ್ನ ನೆತ್ತಿಗೆ ಗುದ್ದಿದರು. ನನ್ನೊಳಗಿನ ಸ್ಪ್ರಿಂಗು ಮುರಿಯಿತು. ನೋವಾಗಲಿಲ್ಲ, ನಿಜ ಹೇಳುತ್ತೇನೆ, ಹಾಯೆನಿಸಿತು.

ನನ್ನನ್ನು ಸಭಾಭವನದ ಪಕ್ಕದ ಸಾಮಾನು ಕೋಣೆಗೆ ಎಸೆದರು. ಇಲ್ಲಿ ಕಾಲು ಮುರಿದ ಕುರ್ಚಿಗಳಿವೆ, ಹಳೆಯ ಬ್ಯಾನರುಗಳಿವೆ, ರುಕ್ಮಾಬಾಯಿಯವರ ಯಜಮಾನರು ಕೂರುತ್ತಿದ್ದ ಸ್ಟೂಲೂ ಇದೆ. ಮೇಜಿನ ಮೇಲೆ ಈಗ ಕರೆಂಟಿನ ಗಂಟೆ ಬಂದಿದೆ, ಗುಂಡಿ ಒತ್ತಿದರೆ ಕರ್ರ್ ಎಂದು ಒದರುತ್ತದೆ.

ಮೊನ್ನೆ ಗೌಡರಿಗೆ ಅಭಿನಂದನೆ ಸಲ್ಲಿಸುವ ಸಭೆ. ಬೋಟು ಬಿಡಿಸಿ ಊರನ್ನು ಉದ್ಧರಿಸಿದರೆಂದು ಠರಾವು ಮಾಡಬೇಕಿತ್ತು. ಜನ ಬಹಳ ಸೇರಿದ್ದರಿಂದ ಕುರ್ಚಿ ಸಾಲದೆ ಗಂಗವ್ವ ಈ ಕೋಣೆಗೆ ಬಂದಳು. ಗಟ್ಟಿ ಕುರ್ಚಿ ಹುಡುಕುತ್ತಿದ್ದವಳ ಕಣ್ಣಿಗೆ ನಾನು ಬಿದ್ದೆ. ಎತ್ತಿಕೊಂಡು ಸೆರಗಿನಿಂದ ಧೂಳು ಒರೆಸಿದಳು. ಗುಂಡಿ ಒತ್ತಿ ನೋಡಿದಳು, ನಾನು ನುಡಿಯಲಿಲ್ಲ.

“ನೀ ಅಂದಾಗೆಲ್ಲಾ ಕುಂತ್ನಿ” ಎಂದಳು, ನನಗೋ ತನಗೋ. “ಕುಂಡ್ರಬಾರದಿತ್ತು.”

ನನ್ನನ್ನು ಸ್ಟೂಲಿನ ಮೇಲೆ ಇಟ್ಟು, ಕುರ್ಚಿ ಎತ್ತಿಕೊಂಡು ಹೋದಳು. ಬಾಗಿಲು ಸರಿಯಾಗಿ ಮುಚ್ಚಿರಲಿಲ್ಲ, ಸಭೆಯ ಮಾತೆಲ್ಲ ಕೇಳಿಸುತ್ತಿತ್ತು. ಠರಾವು ಓದಿದರು, ಚಪ್ಪಾಳೆ ತಟ್ಟಿದರು. ಅದರ ನಡುವೆ ಗಂಗವ್ವನ ದನಿ ಬಂತು.

“ಬೋಟ್ ಬಿಟ್ಟವರ ಹೆಸರು ಆಮ್ಯಾಲ ಬರೀರಿ. ನಿಲ್ಲಿಸಿದವರ ಹೆಸರು ಮೊದಲ ಬರೀರಿ.”

ಕರ್ರ್ ಎಂದಿತು ಹೊಸ ಗಂಟೆ.

“ಬೋಟ್ ನಿಂತಿದ್ದಾಗ ಸತ್ತವನ ಹೆಸರೂ ಬರೀರಿ. ಯಮನಪ್ಪ ಭೀಮಪ್ಪ ಅಂಬಿಗೇರ. ಆ ಬೋಟ್ ನಡೆಸಿದಂವ.”

ಕರ್ರ್. ಕರ್ರ್. “ಗಂಗವ್ವಾ, ಕೂಡ್ರು!” ಎಂದು ಗೌಡರು ಕೂಗಿದರು. ಗಂಟೆ ಬಿಡದೆ ಒದರತೊಡಗಿತು. ಅವಳ ದನಿ ಅದರ ಮೇಲೆಯೇ ಸಾಗಿತು. ಆ ಸೇತುವೆ, ಆ ಟ್ರ್ಯಾಕ್ಟರುಗಳು, ಬೇವಿನ ಮರದ ಕೆಳಗಿನ ಕುರ್ಚಿ, ಅವಳು ತುಳಿದ ಒಂದೊಂದು ಬಾಗಿಲು, ಎಲ್ಲವನ್ನೂ ಹೇಳಿದಳು. ಯಾವಾಗಲೋ ಗಂಟೆಯೇ ದಣಿದು ಸುಮ್ಮನಾಯಿತು.

ಠರಾವು ಏನಾಯಿತೋ ನನಗೆ ತಿಳಿಯದು. ಪಾಸಾಗಿಯೇ ಇರಬೇಕು, ಕೈಯೆತ್ತುವವರಿಗೆ ನಮ್ಮೂರಲ್ಲಿ ಬರವಿಲ್ಲ. ಆದರೆ ಇಷ್ಟು ವರ್ಷ ಆ ಮೇಜಿನ ಮೇಲೆ ಗಂಗವ್ವನ ಎದುರಿಗೇ ಕೂತಿದ್ದ ನಾನು, ಅವಳ ಮಾತನ್ನು ಕೊನೆಯವರೆಗೆ ಕೇಳಿದ್ದು ಅದೇ ಮೊದಲು.