ಬಾಲಮ್ಮನ ಹಣೆಯ ಭಂಡಾರ

ಭಾನುವಾರ ಬೆಳಗಾಗುತ್ತಲೇ ಬಾಲಮ್ಮ ಬಾಗಿಲು ತೆರೆದರೆ ಅಂಗಳದಲ್ಲಿ ಹನ್ನೊಂದು ಜನ ನಿಂತಿದ್ದರು. ಏಳು ಹೆಂಗಸರು, ನಾಲ್ಕು ಮಕ್ಕಳು. ಎಲ್ಲರಿಗಿಂತ ಮುಂದೆ ಖಾಸಿಂಬಿ. ಬೇರೆ ಯಾರಾದರೂ ಆಗಿದ್ದರೆ ಬಾಲಮ್ಮ ಒಳಗೆ ಬನ್ನಿ ಅನ್ನುತ್ತಿದ್ದಳೇನೋ. ಖಾಸಿಂಬಿಯ ಮುಖ ಕಂಡದ್ದೇ ಅವಳಿಗೆ ಮೈಯೆಲ್ಲ ಉರಿದುಹೋಯಿತು.

ಉರಿಯದೆ ಇನ್ನೇನು? ಖಾಸಿಂಬಿಯ ಗಂಡ ಒಂದು ವರ್ಷ ನಿಜಾಮನ ಪರ ನಿಂತ ರಜಾಕಾರರ ಜೊತೆ ಬಂದೂಕು ಹಿಡಿದು ಮೆರೆದವನು. ಮಕ್ತಲ್ ಬಜಾರಿನಲ್ಲಿ, ನಡುಮಧ್ಯಾಹ್ನ, ಬಾಲಮ್ಮನ ಕಪಾಳಕ್ಕೆ ಹೊಡೆದು ಅವಳ ಸುವಾರ್ತೆಯ ಪುಸ್ತಕವನ್ನು ಹರಿದು ಚರಂಡಿಗೆ ಎಸೆದವನು. ಆ ಹೊತ್ತಿನಲ್ಲಿ ಬಳೆ ಅಂಗಡಿಯ ಮುಂದೆ ನಿಂತಿದ್ದ ಖಾಸಿಂಬಿ ಹಲ್ಲು ಬಿಟ್ಟು ನಕ್ಕಿದ್ದಳು. ಏಟನ್ನು ಬಾಲಮ್ಮ ಕ್ಷಮಿಸಿದ್ದಳು. ಕ್ಷಮಿಸಿದ್ದೇನೆ ಎಂದು ಕ್ರೈಸ್ತ ಸಭೆಯ ಮುಂದೆ ಎದ್ದು ನಿಂತು ಹೇಳಿಯೂ ಇದ್ದಳು. ಆ ನಗೆಯನ್ನು ಮಾತ್ರ ಯಾರಿಗೂ ಹೇಳದೆ ಹೊಟ್ಟೆಯಲ್ಲಿಟ್ಟುಕೊಂಡಿದ್ದಳು.

ಈಗ ಕಾಲ ತಿರುಗಿತ್ತು. ಹಿಂದುಸ್ತಾನದ ಫೌಜು ನುಗ್ಗಿ, ಐದೇ ದಿನದಲ್ಲಿ ನಿಜಾಮನ ಸರ್ಕಾರ ಕೈ ಎತ್ತಿ, ಎರಡನೆಯ ವಾರ ನಡೆಯುತ್ತಿತ್ತು. ಒಂದು ವರ್ಷ ಏಟು ತಿಂದವರ ಕೈಯಲ್ಲಿ ಈಗ ಕೊಡಲಿ ಇತ್ತು. ಹೊಡೆದವರು ಊರು ಬಿಟ್ಟು ಓಡಿದ್ದರು. ಏಟು ಉಳಿದದ್ದು ಓಡಲಾರದವರ ಪಾಲಿಗೆ. ಹಟ್ಟಿಯ ಅಂಚಿನಲ್ಲಿದ್ದ ಆರು ಸಾಬರ ಮನೆಗಳಲ್ಲಿ ನಾಲ್ಕು ನಿನ್ನೆ ಸುಟ್ಟು ಬೂದಿಯಾಗಿದ್ದವು. ಈ ಹನ್ನೊಂದು ಜನ ಜೋಳದ ಹೊಲದಲ್ಲಿ ಅಡಗಿದ್ದು ಬಂದಿದ್ದರು.

"ಇಲ್ಲಿಗ್ಯಾಕ ಬಂದ್ರಿ?" ಎಂದಳು ಬಾಲಮ್ಮ.

"ಮತ್ತ ಎಲ್ಲಿಗೆ ಹೋಗಬೇಕು?" ಖಾಸಿಂಬಿ ತಲೆ ತಗ್ಗಿಸಲಿಲ್ಲ. "ನೀನು ಅವರಾಕಿನೂ ಅಲ್ಲ, ನಮ್ಮಾಕಿನೂ ಅಲ್ಲ. ನಿನ್ನ ಮನಿ ಕಡಿ ಯಾರೂ ತಲಿ ಹಾಕಂಗಿಲ್ಲ."

ಪ್ರಾಣ ಉಳಿಸು ಎಂದು ಬಂದವಳು ಆಡುವ ಮಾತೇ ಇದು! ಆದರೆ ಸುಳ್ಳಲ್ಲ. ಬಾಲಮ್ಮ ಹುಟ್ಟಿದ್ದು ಕುರುಬರ ಹಟ್ಟಿಯಲ್ಲಿ, ಅದರಲ್ಲೂ ಬೀರಪ್ಪನ ಪೂಜಾರಿಯ ಮನೆಯಲ್ಲಿ. ಗಂಡ ಸತ್ತ ಮೇಲೆ ಗದ್ವಾಲದ ಮಿಷನ್ನಿನವರ ಬಳಿ ಅಕ್ಷರ ಕಲಿತು, ಆರು ವರ್ಷದ ಹಿಂದೆ ದೀಕ್ಷಾಸ್ನಾನ ಪಡೆದಳು. ಅಂದಿನಿಂದ ಅಣ್ಣ ಮಾಳಿಂಗಪ್ಪ ಅವಳ ಜೊತೆ ಮಾತು ಬಿಟ್ಟ. ಹಟ್ಟಿಯವರು ಅವಳ ಬೆನ್ನ ಹಿಂದೆ ಉಗುಳುತ್ತಿದ್ದರು. ಧೈರ್ಯವಿದ್ದವರು ಎದುರಿಗೇ ಉಗುಳುತ್ತಿದ್ದರು. ಅವಳಿಗೆ ಉಳಿದಿದ್ದ ಒಂದೇ ಜಾಗವೆಂದರೆ ಮಕ್ತಲಿನ ಪ್ರಾರ್ಥನೆಯ ಮನೆ. ಅಲ್ಲಿ ಅವಳಿಗೊಂದು ಚಾಪೆಯಿತ್ತು, ಅಮ್ಮಾ ಎಂದು ಕರೆಯುವವರಿದ್ದರು, ವಾರಕ್ಕೆ ಆರು ಹಳ್ಳಿ ತಿರುಗಿ ಹೆಂಗಸರಿಗೆ ಓದು ಕಲಿಸುವ ಕೆಲಸವಿತ್ತು. ಸಭೆಯ ಹಿರಿಯ ಶಂಕರಯ್ಯ ಒಂದೇ ವಿಷಯದಲ್ಲಿ ಕಟ್ಟುನಿಟ್ಟು: ಸ್ನಾನ ಪಡೆದವರು ಮತ್ತೆ ಹಣೆಗೆ ಬೀರಪ್ಪನ ಭಂಡಾರ, ಆ ಅರಿಸಿನ ಪುಡಿ, ಹಚ್ಚಿದರೆ ಯೇಸುವಿನ ನೆನಪಿಗೆ ಸಭೆಯಲ್ಲಿ ಹಂಚುವ ರೊಟ್ಟಿ ಇಲ್ಲ, ಕೆಲಸವೂ ಇಲ್ಲ.

ಮೆಸ್ಸೀಯ ಯೇಸುವಿನ ಪವಾಡಗಳಿಗೆ ಬಾಲಮ್ಮ ಅಷ್ಟಾಗಿ ಮರುಳಾದವಳಲ್ಲ. ಅವಳ ಮನಸ್ಸು ಸೋತದ್ದು ಅವನ ನಡೆಗೆ. ಐದು ಸಾವಿರ ಹಸಿದ ಮಂದಿ ಸುತ್ತ ನಿಂತಾಗ ಶಿಷ್ಯರು ಕಂಗಾಲಾದರು; ಅವನು ಮಾತ್ರ ಮೊದಲು ಐವತ್ತೈವತ್ತು ಜನರ ಪಂಕ್ತಿ ಕೂಡಿಸಿದ, ಆಮೇಲೆ ರೊಟ್ಟಿ ಮುರಿದ. ಕತ್ತೆಮರಿ ಬೇಕಾದಾಗ ಯಾವ ಬಾಗಿಲಲ್ಲಿ ಕಟ್ಟಿದೆ, ಕೇಳಿದವರಿಗೆ ಏನು ಹೇಳಬೇಕು ಎನ್ನುವುದನ್ನೂ ಮುಂಚೆಯೇ ಹೇಳಿ ಕಳಿಸಿದ. ತಾನು ಸಾಯಲಿದ್ದ ಊರಿಗೆ ಹೊರಟಾಗಲೂ ಎಲ್ಲಿಗೆ, ಯಾಕೆ ಎಂದು ತಿಳಿದೇ ಹೊರಟ. ಬದುಕಿದರೆ ಹೀಗೆ ಬದುಕಬೇಕು ಎಂದು ಬಾಲಮ್ಮ ಹಟ ಹಿಡಿದು, ಇಂಥ ದಿನ ಇಂಥ ಹಳ್ಳಿ, ಇಂಥ ಹೊತ್ತಿಗೆ ಇಂಥ ಕೆಲಸ ಎಂದು ಆರು ವರ್ಷ ನಡೆದುಕೊಂಡು ಬಂದಿದ್ದಳು.

ಆದ್ದರಿಂದಲೇ ಅವಳು ಅಂಗಳದಲ್ಲಿ ನಿಂತು ಹಲ್ಲು ಕಚ್ಚಿದಳು. ಬಾಗಿಲು ಹಾಕಿಕೊಳ್ಳಲು ಮನಸ್ಸು ಬಯಸಿತು. ಆದರೆ ಮೆಸ್ಸೀಯ ಪಂಕ್ತಿ ಕೂಡಿಸುವಾಗ ಯಾರು ನಕ್ಕವರು, ಯಾರು ಅತ್ತವರು ಎಂದು ಆರಿಸಿ ಕೂಡಿಸಿದ್ದನೆಂದು ಅವಳು ಎಲ್ಲಿಯೂ ಓದಿರಲಿಲ್ಲ.

"ಒಳಗ ಬರ್ರಿ. ಬಾಯಿ ಮುಚ್ಚಿಕೊಂಡು ಕೂಡ್ರಿ," ಎಂದಳು.

ಮಕ್ತಲ್ ಎರಡು ಹರದಾರಿ ದೂರ. ಅಲ್ಲಿನ ಶಾಲೆಯಲ್ಲಿ ಫೌಜಿನವರು ಇಳಿದಿದ್ದರು. ಒಳಗೆ ಹೊಕ್ಕವರನ್ನು ಯಾರೂ ಮುಟ್ಟುವಂತಿರಲಿಲ್ಲ. ನಡುವೆ ಹಳ್ಳ, ಹಳ್ಳದ ದಂಡೆಗೆ ಬೇವಿನ ಮರ, ಮರದ ಕೆಳಗೆ ಕೊಡಲಿ ಹಿಡಿದವರ ಕಾವಲು. ಕಳ್ಳರ ಹಾಗೆ ಕತ್ತಲಲ್ಲಿ ಹೋದರೆ ಕಳ್ಳರ ಹಾಗೆಯೇ ಸಿಕ್ಕಿಬೀಳುತ್ತೇವೆ, ಹಾಡಹಗಲೇ ಹೋಗಬೇಕು, ಉಣ್ಣೆ ಮಾರಲು ಹೊರಟ ಕುರುಬರ ಹೆಂಗಸರಾಗಿ ಹೋಗಬೇಕು ಎಂದು ಬಾಲಮ್ಮ ಗೊತ್ತುಮಾಡಿದಳು. ಅದಕ್ಕೆ ಕಂಬಳಿ ಬೇಕು, ಉಣ್ಣೆ ಬೇಕು. ಎರಡೂ ಇದ್ದದ್ದು ಅಣ್ಣನ ಮನೆಯಲ್ಲಿ.

ಮಾಳಿಂಗಪ್ಪ ಕಟ್ಟೆಯ ಮೇಲೆ ಕೂತು ಕಂಬಳಿ ನೂಲಿಗೆ ಗಂಜಿ ತೀಡುತ್ತಿದ್ದ. ತಂಗಿ ಆರು ವರ್ಷದ ಮೇಲೆ ಅಂಗಳಕ್ಕೆ ಕಾಲಿಟ್ಟರೂ ಕತ್ತೆತ್ತಲಿಲ್ಲ.

"ಹನ್ನೆರಡು ಕಂಬಳಿ ಬೇಕಾಗ್ಯಾವ. ಏಳು ಗಂಟು ಉಣ್ಣಿ," ಎಂದಳು.

"ಯಾರಿಗೆ?"

ಬಾಲಮ್ಮ ಸುಳ್ಳು ಹೇಳಲಿಲ್ಲ. ಮಾಳಿಂಗಪ್ಪನ ಕೈ ನಿಂತಿತು. ಅವನ ಹಿಂಡಿನಿಂದ ರಜಾಕಾರರು ಮೂವತ್ತು ಕುರಿ ಎಳೆದುಕೊಂಡು ಹೋಗಿ ಕೊಯ್ದು ತಿಂದಿದ್ದರು.

"ನಿನ್ನ ಯೇಸು ನಿನಗ ಕಂಬಳಿ ಕೊಡಂಗಿಲ್ಲೇನು?"

"ಅಣ್ಣನ ಮನ್ಯಾಗ ಅದಾವ, ಹೋಗಿ ಕೇಳು ಅಂದ."

"ತಗೊಂಡು ಹಾಳಾಗಿ ಹೋಗು," ಎಂದು ಅವನು ಒಳಗೆ ಹೋಗಿ ಕಂಬಳಿಗಳನ್ನು ಒಂದೊಂದಾಗಿ ಅವಳ ಕಾಲ ಬಳಿ ಎಸೆದ. "ಬದುಕಿ ಬಂದ್ರ ಕಂಬಳಿ ತಂದಿಡು. ನೀ ಬರಬ್ಯಾಡ."

ಮನೆಗೆ ಬಂದು ಬಾಲಮ್ಮ ಎಲ್ಲರ ಬಳೆ, ತಾಯಿತ ಬಿಚ್ಚಿಸಿದಳು. ನಾರಾಯಣಪೇಟೆ ಸೀರೆಗಳನ್ನು ಕುರುಬತಿಯರ ಹಾಗೆ ಕಚ್ಚೆ ಹಾಕಿ ಉಡಿಸಿದಳು. ಮುಂದೆ ಮುದುಕಿ, ಅವಳ ಹಿಂದೆ ಮಗು ಹೊತ್ತವರು, ಕೊನೆಗೆ ಗಟ್ಟಿಗಾಲಿನವರು; ಒಬ್ಬರಿಗೂ ಇನ್ನೊಬ್ಬರಿಗೂ ಹತ್ತು ಹೆಜ್ಜೆ ಅಂತರ, ಒಬ್ಬರು ಸಿಕ್ಕರೆ ಉಳಿದವರು ಓಡುವಂತೆ. ಮಾತು ಕೂಡದು, ಬಾಯಿ ತೆರೆದರೆ ಉರ್ದು ಬೆರೆತ ಮಾತು ಗೊತ್ತಾಗುತ್ತದೆ. ಒಂದೂ ಮರೆತಿಲ್ಲ ಎಂದುಕೊಂಡಳು ಬಾಲಮ್ಮ. ಸ್ವಲ್ಪ ಜಂಬವೂ ಆಯಿತು.

ಹೊತ್ತು ಒಂದು ಮಾರು ಏರುವಾಗ ಹೊರಟರು. ಹಳ್ಳದವರೆಗೆ ಎಲ್ಲವೂ ಅವಳು ಗೊತ್ತುಮಾಡಿದಂತೆಯೇ ನಡೆಯಿತು. ಹಳ್ಳದಲ್ಲಿ ಮೊಣಕಾಲು ನೀರು. ಆಚೆ ದಂಡೆ ಹತ್ತುವಾಗ ಬೇವಿನ ಮರದ ಕೆಳಗಿನಿಂದ ಬೀರಲಿಂಗಪ್ಪ ಎದ್ದು ಬಂದು ದಾರಿಗೆ ಅಡ್ಡ ನಿಂತ. ಅವನು ಬಾಲಮ್ಮನ ಸೋದರಮಾವನ ಮಗ, ಅವಳಿಗಿಂತ ಚಿಕ್ಕವನು. ಅವನ ಒಡಹುಟ್ಟಿದವನನ್ನು ರಜಾಕಾರರು ಇದೇ ಹಳ್ಳದಲ್ಲಿ ಗುಂಡಿಟ್ಟು ಕೊಂದಿದ್ದರು. ಅವನ ಹಿಂದೆ ಹಟ್ಟಿಯ ಹತ್ತು ಹನ್ನೆರಡು ಜನ ನಿಂತರು.

"ಅಕ್ಕಾ, ಎಲ್ಲಿಗೆ?"

"ಉಣ್ಣಿ ಮಾರಾಕ."

ಬೀರಲಿಂಗಪ್ಪ ಸಾಲನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿ ನಕ್ಕ. ಒಳ್ಳೆಯ ನಗೆಯಲ್ಲ.

"ಕುರುಬರ ಹೆಂಗಸರು ಸಾಲು ಹಿಡದು, ಬಾಯಿ ಮುಚ್ಚಿಕೊಂಡು ಯಾವಾಗ ಹೋಗ್ಯಾರ ಅಕ್ಕಾ? ನಮ್ಮವರು ಹೊಂಟ್ರ ಒಂದು ಹರದಾರಿ ದೂರ ಕೇಳಿಸ್ತದ, ಅತ್ತಿ ಬೈಯೋದು, ಸೊಸಿ ಬೈಯೋದು. ಕಂಕುಳಾಗ ಕದಿರು ಇರ್ತದ, ದಾರಿಗುಂಟ ನೂಲು ತೆಗಿತಾರ. ಇವರು ಯಾರು? ಮಿಷನ್ ಸಾಲಿ ಹುಡುಗ್ಯಾರೇನು?"

ಬಾಲಮ್ಮನಿಗೆ ತಪ್ಪು ಹೊಳೆಯಿತು. ಕುರುಬರ ಹೊಟ್ಟೆಯಲ್ಲಿ ಹುಟ್ಟಿದವಳು ಕುರುಬರ ನಡಿಗೆಯನ್ನೇ ಮರೆತಿದ್ದಳು! ಯಾವ ಸಾಲಿನ ಬಗ್ಗೆ ಜಂಬಪಟ್ಟಿದ್ದಳೋ ಆ ಸಾಲೇ ಹನ್ನೊಂದು ಜನರನ್ನು ಹಿಡಿದುಕೊಟ್ಟಿತ್ತು. ಆರು ವರ್ಷದ ಶಿಸ್ತಿಗಾಗಿ ಅವಳು ಮನಸ್ಸಿನಲ್ಲೇ ತನ್ನ ಕಪಾಳಕ್ಕೆ ಹೊಡೆದುಕೊಂಡಳು.

ಕೊಡಲಿಗಳು ಮೇಲೆದ್ದವು. ಬಾಲಮ್ಮ ಹೆಗಲ ಮೇಲಿನ ಕರಿ ಕಂಬಳಿಯನ್ನು ಎಳೆದು ದಾರಿಯ ನಡುವೆ ಹಾಸಿದಳು.

"ಕೂಡ್ರಿ! ಎಲ್ಲಾರೂ ಇದರ ಮ್ಯಾಲ ಕೂಡ್ರಿ!"

ಹನ್ನೊಂದು ಜನ ಒಬ್ಬರ ಮೇಲೊಬ್ಬರು ಬಿದ್ದು ಮುದ್ದೆಯಾಗಿ ಕೂತರು. ಹಟ್ಟಿಯವರ ಕೈಗಳು ಎತ್ತಿದಲ್ಲೇ ನಿಂತವು. ಪೂಜಾರಿ ಮನೆಯ ಕರಿ ಕಂಬಳಿ ಹಾಸಿದರೆ ಅದು ಬೀರಪ್ಪನ ಗದ್ದುಗೆ. ಅದರ ಮೇಲೆ ಕೂತವನು ಕೊಲೆಗಾರನಾದರೂ ಕೈ ಎತ್ತಬಾರದು. ಅಜ್ಜನ ಕಾಲದಿಂದ ಆ ಹಟ್ಟಿ ಮೀರದ ಕಟ್ಟು ಇದು.

"ಇವರು ಸಾಬರ ಹೆಂಗಸರು," ಎಂದಳು ಬಾಲಮ್ಮ. "ಈಕಿ ಖಾಸಿಂಬಿ. ಸುಳ್ಳು ಹೇಳಾಕಿಲ್ಲ. ಗದ್ದಿಗಿ ಮ್ಯಾಲ ಕುಂತಾರ. ಹೊಡೀರಿ ನೋಡೋಣ."

ಬೀರಲಿಂಗಪ್ಪನ ಕಣ್ಣು ಕೆಂಪಗಾಗಿ ನೀರು ತುಂಬಿತ್ತು. ತಮ್ಮನನ್ನು ಕೊಂದವರ ಹೆಂಡಿರು ಮೂರು ಮಾರು ದೂರದಲ್ಲಿ ಕೂತಿದ್ದರೆ ಯಾರು ತಡೆದುಕೊಂಡಾರು? ಅವನು ಸೊಂಟದ ಚೀಲ ಬಿಚ್ಚಿ ಅಂಗೈಗೆ ಭಂಡಾರ ಸುರಿದುಕೊಂಡ.

"ಗದ್ದಿಗಿ ಹಾಸಿದಾಕಿ ಹಣಿಗಿ ಭಂಡಾರ ಇರಬೇಕು. ನಿನ್ನ ಹಣಿ ಬೋಳು ಐತಿ. ನೀ ಕಿರಸ್ತಾನದಾಕಿ. ಇದು ಬರೇ ಕಂಬಳಿ." ಅವನು ಅಂಗೈಯನ್ನು ಅವಳ ಮುಖದ ಹತ್ತಿರ ಹಿಡಿದ. "ಹಚ್ಚಿಗೋ, ಬೀರಪ್ಪನ ಹೆಸರು ಹೇಳು, ದಾರಿ ಬಿಡ್ತೀನಿ. ಇಲ್ಲಂದ್ರ ಸರದು ನಿಲ್ಲು."

ಹಚ್ಚುವುದಿಲ್ಲ ಎಂದೇ ಅವನು ತಿಳಿದಿದ್ದ. ಆರು ವರ್ಷ ಹಟ್ಟಿಯವರೆಲ್ಲ ಬೈದು, ಹೊಡೆದು, ಉಗುಳಿ ಹಚ್ಚಿಸಲಾಗದೆ ಸೋತ ಭಂಡಾರವದು.

ಬಾಲಮ್ಮ ಆ ಹಳದಿ ಪುಡಿಯನ್ನು ನೋಡಿದಳು. ಗೋಪುರ ಕಟ್ಟುವವನು ಮೊದಲು ಕೂತು ಏನೇನು ತೆರಬೇಕಾಗುತ್ತದೆಂದು ನೋಡಿಕೊಳ್ಳಬೇಕು ಎಂದು ಅವಳೇ ಆರು ಹಳ್ಳಿಗಳಲ್ಲಿ ಬೋಧಿಸಿದ್ದಳು. ಈ ಬೆಳಿಗ್ಗೆ ತಾನೂ ಕೂತು ನೋಡಿದ್ದಳು: ಕಂಬಳಿ, ಉಣ್ಣೆ, ಸೀರೆ, ಹೆಜ್ಜೆ. ತನ್ನನ್ನು ಮಾತ್ರ ಅದರಲ್ಲಿ ಸೇರಿಸಿರಲಿಲ್ಲ. ಪ್ರಾರ್ಥನೆಯ ಮನೆ, ಚಾಪೆ, ಅಮ್ಮಾ ಎನ್ನುವ ದನಿ, ಆರು ಹಳ್ಳಿ, ಎಲ್ಲ ಕಣ್ಣ ಮುಂದೆ ಬಂತು. ಅವಳಿಗೆ ಭಯವಾಯಿತು, ಕೊಡಲಿಗಿಂತ ಹೆಚ್ಚಿನ ಭಯ. ಖಾಸಿಂಬಿಯ ಮೇಲೆ ಮತ್ತೆ ಸಿಟ್ಟು ಉಕ್ಕಿತು: ಇವಳಿಗಾಗಿ!

ಆಮೇಲೆ ಮೂರು ಬೆರಳು ಅದ್ದಿ ಹಣೆ ತುಂಬ ಎಳೆದುಕೊಂಡಳು.

"ಬೀರಪ್ಪನ ಗದ್ದಿಗಿ," ಎಂದಳು. "ದಾರಿ ಬಿಡು."

ಬೀರಲಿಂಗಪ್ಪ ಕೊಡಲಿಯನ್ನು ಬೇವಿನ ಮರಕ್ಕೆ ಬೀಸಿ ನೆಟ್ಟು, ಆ ಕಡೆ ಮುಖ ಮಾಡಿ ನಿಂತ. ಹನ್ನೊಂದು ಜನ ಅವನ ಬೆನ್ನ ಹಿಂದಿನಿಂದ ದಾಟಿದರು, ಈ ಸಲ ಸಾಲಿಲ್ಲದೆ.

ಮಕ್ತಲಿನ ಶಾಲೆಯ ಬಾಗಿಲಲ್ಲಿ ಸಿಪಾಯಿ ಒಬ್ಬೊಬ್ಬರನ್ನೇ ಒಳಗೆ ಬಿಟ್ಟ. ಕೊನೆಗೆ ಉಳಿದ ಖಾಸಿಂಬಿ ತಿರುಗಿ ನಿಂತಳು.

"ಆ ದಿನ ಬಜಾರದಾಗ ನಾನು ನಕ್ಕಿದ್ದೆ. ನೆನಪೈತೇನು?"

"ಐತಿ."

"ಮತ್ಯಾಕ ಕರಕೊಂಡು ಬಂದಿ?"

"ನಿನ್ನ ಸಲುವಾಗಿ ಅಲ್ಲ. ಒಳಗ ನಡಿ."

ಖಾಸಿಂಬಿ ಕಂಬಳಿಯನ್ನು ಅವಳ ಕೈಗೆ ತುರುಕಿ ಹೋದಳು. ಕೃತಜ್ಞತೆ ಎನ್ನುವುದು ಆ ಮುಖದಲ್ಲಿ ಹುಡುಕಿದರೂ ಇರಲಿಲ್ಲ. ಬಾಲಮ್ಮ ಹುಡುಕಲೂ ಇಲ್ಲ.

ಪ್ರಾರ್ಥನೆಯ ಮನೆಗೆ ಹೋಗುವ ದಾರಿಯಲ್ಲಿ ಒಂದು ಬಾವಿ. ಎರಡು ಬೊಗಸೆ ನೀರು ಹಣೆಗೆ ಹಾಕಿದ್ದರೆ ಯಾರಿಗೂ ಏನೂ ತಿಳಿಯುತ್ತಿರಲಿಲ್ಲ. ಬಾಲಮ್ಮ ಬಾವಿಯ ಮೆಟ್ಟಿಲಲ್ಲಿ ಬಹಳ ಹೊತ್ತು ಕೂತಳು. ತಾನು ಹಿಂಬಾಲಿಸುವವನು ಮಾಡಿದ್ದನ್ನೆಲ್ಲ ಬಯಲಿನಲ್ಲೇ ಮಾಡಿದ, ಏಟು ಬೀಳುವಾಗಲೂ ಅಲ್ಲ ಅನ್ನಲಿಲ್ಲ. ಅವಳು ನೀರು ಮುಟ್ಟದೆ ಎದ್ದಳು.

ಸಭೆ ಕೂತಿತ್ತು. ಅಂದು ರೊಟ್ಟಿ ಹಂಚುವ ಭಾನುವಾರ. ಬಾಲಮ್ಮ ತನ್ನ ಚಾಪೆಯ ಮೇಲೆ ಕೂತಳು. ಎಲ್ಲರ ಕಣ್ಣು ಅವಳ ಹಣೆಗೆ ಅಂಟಿತು. ಶಂಕರಯ್ಯನ ಮುಖ ಕಪ್ಪಿಟ್ಟಿತು. ಮೂವತ್ತು ವರ್ಷ ಆ ಪುಡಿಯ ಜೊತೆ ಬಡಿದಾಡಿದ ಮುದುಕ ಅವನು. ಏನಾಯಿತೆಂದು ಕೇಳಿದ. ಅವಳು ಬೆಳಗಿನಿಂದ ನಡೆದದ್ದನ್ನೆಲ್ಲ ಒಂದೂ ಬಿಡದೆ ಹೇಳಿದಳು.

"ಸರಿ," ಎಂದ ಶಂಕರಯ್ಯ. "ಭಂಡಾರ ಹಚ್ಚಿದ್ದು ತಪ್ಪಾತು ಅನ್ನು. ಸಭೆ ಮುಂದ ಒಂದೇ ಮಾತು. ನಾನೇ ನಿನ್ನ ಹಣಿ ಒರಸ್ತೀನಿ."

ಬಾಲಮ್ಮ ಬಾಯಿ ತೆರೆದಳು. ಅನ್ನಬೇಕೆಂದೇ ತೆರೆದಳು, ಆ ಚಾಪೆ ಅವಳಿಗೆ ಅಷ್ಟು ಬೇಕಾಗಿತ್ತು.

"ಆ ಹನ್ನೊಂದು ಮಂದಿ ಜೀವ ಉಳದದ್ದು ತಪ್ಪೇನ್ರಿ ಅಯ್ಯನೋರೆ?"

"ನಾ ಕೇಳಿದ್ದು ಅದಲ್ಲ."

"ನನಗ ಎರಡೂ ಒಂದೇ ಆಗ್ಯಾವ್ರಿ. ಬ್ಯಾರೆ ಮಾಡಾಕ ಬರವಲ್ದು."

"ಹಂಗಾದ್ರ ನಿನಗ ರೊಟ್ಟಿ ಇಲ್ಲ. ನಾಳಿಂದ ನಮ್ಮ ಹೆಸರಿಲೆ ಯಾವ ಹಳ್ಳಿಗೂ ಹೋಗಬ್ಯಾಡ."

ಬಾಲಮ್ಮನ ಕಣ್ಣಿಂದ ನೀರು ಇಳಿಯಿತು, ಒರೆಸಿಕೊಳ್ಳಲಿಲ್ಲ. ಬೆಳಗಿನಿಂದ ಏನೂ ತಿಂದಿರಲಿಲ್ಲ, ಹಸಿವೂ ಆಗಿತ್ತು. ರೊಟ್ಟಿಯ ತಟ್ಟೆ ಸಾಲು ಹಿಡಿದು ಬಂತು. ಎಡಗಡೆ ಕೂತಿದ್ದ ನರಸಿಂಹಮ್ಮ ಒಂದು ಚೂರು ತೆಗೆದುಕೊಂಡು, ಬಾಲಮ್ಮನ ಮುಖ ನೋಡದೆ, ತಟ್ಟೆಯನ್ನು ಅವಳ ಆಚೆಗಿದ್ದ ಗುರಮ್ಮನಿಗೆ ಚಾಚಿದಳು. ಕೈ ಎಟುಕಲಿಲ್ಲ. ತಟ್ಟೆ ನಡುವೆ ಅಲುಗಾಡಿತು.

ಬಾಲಮ್ಮ ಎರಡು ಕೈಯಿಂದ ಅದನ್ನು ಹಿಡಿದು, ಒಂದು ಚೂರೂ ಮುಟ್ಟದೆ, ಗುರಮ್ಮನಿಗೆ ಕೊಟ್ಟಳು.